ನಾನಿಬಾಯಿಯ ದವಡೆ ಜಾರಿದ ಮಧ್ಯಾಹ್ನ

ಬಾಯಿಂದಲೇ ಶುರು ಮಾಡೋಣ ಅಂದುಕೊಂಡಿದ್ದೆ. ಆದರೆ ಈ ಕಥೆಯ ಬಾಯಿ ಒಮ್ಮೆ ತೆರೆದರೆ ಮುಚ್ಚುವುದಿಲ್ಲ. ಮುಚ್ಚದ ಬಾಯಿಯ ಮುಂದೆ ನಿಂತು ಪೀಠಿಕೆ ಹಾಕುವುದು ಯಾವ ಸೀಮೆಯ ಮರ್ಯಾದೆ? ಹಾಗಾದರೆ ಎಲ್ಲಿಂದ? ಕಿವಿಯಿಂದಲೇ?

೧

(ಹರಿದು ಹಾಕಿದ ಮೊದಲ ಕರಡು)

ಕೆಳದವಡೆ ನಮ್ಮ ಮುಖದಲ್ಲಿ ಅಲ್ಲಾಡುವ ಒಂದೇ ಎಲುಬು. ಕುದುರೆಲಾಳದ ಹಾಗಿದೆ. ಅದರ ಎರಡೂ ತುದಿಗೆ ಒಂದೊಂದು ಗುಂಡು, ಆ ಗುಂಡು ಕೂರಲು ಕಿವಿಯ ಮುಂದೆ ಒಂದೊಂದು ಕುಳಿ. ಅಗಿಯುವ ಸ್ನಾಯು ಕೆನ್ನೆಯಲ್ಲಿ ದಪ್ಪಗೆ ಕೂತಿದೆ. ಇನ್ನೊಂದು ಬೀಸಣಿಗೆಯಂತೆ ಕಣತಲೆಯ ಮೇಲೆ ಹರಡಿದೆ. ನಂಬಿಕೆ ಬರದಿದ್ದರೆ ಕಣತಲೆಗೆ ಬೆರಳಿಟ್ಟು ಹಲ್ಲು ಕಚ್ಚಿ. ಉಬ್ಬಿತಲ್ಲ? ಈಗ ಕಿವಿಯ ಮುಂದೆ ಬೆರಳಿಟ್ಟು ಮೆಲ್ಲಗೆ ಬಾಯಿ ತೆರೆಯಿರಿ. ಗುಂಡು ಮುಂದಕ್ಕೆ ಜಾರಿತಲ್ಲ? ಸಾಕು, ಸಾಕು. ಇನ್ನೂ ತೆರೆದರೆ ನಾನು ಹೊಣೆಯಲ್ಲ.

ಇಷ್ಟು ಬರೆಯುವಷ್ಟರಲ್ಲಿ ನಾನಿಬಾಯಿ ಹಾಳೆಯೊಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತಳು.

“ಏ ಹುಡುಗಿ, ಕತಿ ಹೇಳಾಕಿಯೋ ಸಾಲಿ ಕಲಿಸಾಕಿಯೋ?”

“ಯಾಡಿ, ಇದು ನಿನ್ನ ದವಡೀ ಕತೀನ. ಓದೋರಿಗೆ ಮೊದಲ ತಿಳೀಲಿ ಅಂತ—”

“ನನ್ನ ದವಡಿ ಬಗ್ಗೆ ನನ್ನ ಕೇಳದ ಬರದೀಯಾ? ಹರಿದ್ಹಾಕ.”

(ಆಕೆಯ ದವಡೆ ಜಾರುವುದು ಮೂರನೇ ಭಾಗದಲ್ಲಿ. ಅಲ್ಲಿಯವರೆಗೆ ಆಕೆಯ ಬಾಯಿಗೆ ಯಾವ ತಡೆಯೂ ಇಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಹರಿದು ಹಾಕಿದೆ. ನೀವು ಓದಿದ್ದು ತುಂಡುಗಳನ್ನು ಅಂಟಿಸಿದ್ದು.)

೨

ಮುಂಡಗೋಡ ಕಡೆಯ ಮಳಗಿ ಊರಿನ ಆಚೆ ಒಂದು ಲಂಬಾಣಿ ತಾಂಡಾ. ಅಲ್ಲಿ ಗೋವಿನಜೋಳ ಸುಲಿಯುವ ದಿನಗಳಲ್ಲಿ ನಾನಿಬಾಯಿಗೆ ಒಂದೇ ಕೆಲಸ: ತೆನೆಗಳ ರಾಶಿಗೆ ಒರಗಿ ಕಥೆ ಹೇಳುವುದು. ಉಳಿದವರ ಕೈ ಓಡಲು ಆಕೆಯ ಬಾಯಿ ಓಡಬೇಕು. ತಾಂಡಾಕ್ಕೆಲ್ಲ ಆಕೆ ‘ಯಾಡಿ’, ಅವರ ಮನೆಮಾತಿನಲ್ಲಿ ತಾಯಿ ಅಂತ. ಮೊಮ್ಮಗಳು ತುಳಜಾಗೆ ಮಾತ್ರ ಅಜ್ಜಿ. ತುಳಜಾ ಹಳಿಯಾಳದಲ್ಲಿ ಡಿಗ್ರಿ ಓದುತ್ತಾಳೆ, ಸುಲಿಯುವ ದಿನಗಳಿಗೆ ತಪ್ಪದೆ ಊರಿಗೆ ಬರುತ್ತಾಳೆ. ಆಕೆಯೇ ಮುಖ್ಯ ಹೂಂಗುಟ್ಟುವವಳು, ಅಜ್ಜಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವವಳು.

ಎಲ್ಲರಿಗೂ ಬೇಕಾದದ್ದು ರಕ್ಕಸಿಯ ಕಥೆ. ನೀರಿಗೆ ಹೋದ ಪುಟ್ಟ ಹುಡುಗಿ ಮಳೆ ಬಂತೆಂದು ಗವಿಯೊಳಗೆ ಹೊಗುತ್ತಾಳೆ. ಗವಿ ಬೆಚ್ಚಗಿದೆ, ನೆಲ ಮೆತ್ತಗಿದೆ. ಬಾಗಿಲ ಹತ್ತಿರ ಬಿಳಿ ಕಲ್ಲುಗಳ ಸಾಲು. ಹುಡುಗಿ ಒಂದು ಕಲ್ಲಿನ ಮೇಲೆ ಕೊಡ ಇಟ್ಟು ಕೂದಲು ಹಿಂಡಿಕೊಳ್ಳುತ್ತಾಳೆ. ಆಗ ಕಲ್ಲು ಅಲುಗುತ್ತದೆ.

ಈ ಜಾಗಕ್ಕೆ ಬಂದೊಡನೆ ನಾನಿಬಾಯಿ ಮಾತು ನಿಲ್ಲಿಸಿ ತಾನೇ ರಕ್ಕಸಿಯಾಗಿ ಬಾಯಿ ತೆರೆಯುತ್ತಾಳೆ. ಕಿರುನಾಲಗೆ ಕಾಣುವಷ್ಟು. ಆಗ ಯಾರೂ ತೆನೆ ಮುಟ್ಟುವಂತಿಲ್ಲ. ಎಲ್ಲರೂ ಸೇರಿ ಹೂಂ, ಹೂಂ ಅನ್ನುತ್ತಲೇ ಇರಬೇಕು. ಹೂಂ ನಿಂತರೆ ರಕ್ಕಸಿ ಬಾಯಿ ಮುಚ್ಚುತ್ತಾಳೆ, ಹುಡುಗಿ ಹೊಟ್ಟೆಗೆ ಹೋಗುತ್ತಾಳೆ. ಸಾಕಷ್ಟು ಹೂಂ ಸಿಕ್ಕಿತು ಅನ್ನಿಸಿದಾಗ ನಾನಿಬಾಯಿ ಹುಡುಗಿಯನ್ನು ಹೊರಗೆ ತರುತ್ತಾಳೆ, ಪ್ರತಿ ಸಲ ಬೇರೆ ದಾರಿಯಿಂದ. ಒಮ್ಮೆ ಸೀನಿನಲ್ಲಿ. ಒಮ್ಮೆ ಹಲ್ಲುಕಡ್ಡಿಯ ಮೇಲೆ. ಈ ಸಲದ ದಾರಿ ಆಕೆಯೊಬ್ಬಳಿಗೇ ಗೊತ್ತಿತ್ತು.

೩

ಬಾಯಿ ತೆರೆಯಿತು.

“ಹೂಂ,” ಎಂದಳು ತುಳಜಾ. “ಹೂಂ,” ಎಂದರು ಎಲ್ಲರೂ.

ಅಜ್ಜಿಯ ಕಿವಿಯ ಹತ್ತಿರ ಏನೋ ‘ಕಳಕ್’ ಎಂದಿತು. ತುಳಜಾ ಅದನ್ನು ಯಾರದೋ ಕಾಲಡಿ ತೆನೆ ಮುರಿದ ಸದ್ದು ಅಂದುಕೊಂಡಳು.

ನಾನಿಬಾಯಿಯ ಗದ್ದ ಮುಂದಕ್ಕೆ ಬಂತು. ಕಣ್ಣು ದೊಡ್ಡವಾದವು. ಆಕೆ “ಆ… ಆ…” ಎಂದಳು. ಜನ ಇನ್ನೂ ಜೋರಾಗಿ ಹೂಂಗುಟ್ಟಿದರು. ಜೊಲ್ಲು ಇಳಿದು ಸೆರಗು ತೋಯಿತು, ಕಣ್ಣಲ್ಲಿ ನೀರು ಬಂತು.

“ಅಯ್ಯ, ಏನ್ ಆ್ಯಕ್ಟಿಂಗ್ ಮಾಡ್ತಾಳ್ರೀ ಯಾಡಿ!” ಎದುರು ಮನೆಯ ಮಹಾದೇವಕ್ಕ ತೊಡೆ ತಟ್ಟಿಕೊಂಡಳು. “ಕಣ್ಣೀರ ಸುದ್ದಾ ತಂದಾಳ ನೋಡ್ರಿ! ಹೂಂ ಅನ್ರೆವಾ, ಹುಡುಗಿ ಸತ್ತಗಿತ್ತಾಳು!”

ನಾನಿಬಾಯಿ ಎರಡೂ ಕೈಯಿಂದ ರವದಿಯ, ಅಂದರೆ ಸುಲಿದ ಸಿಪ್ಪೆಯ, ರಾಶಿ ಬಡಿದಳು. ಹೂಂ. ತಲೆ ಅಲ್ಲಾಡಿಸಿದಳು. ಹೂಂ. ಕೊನೆಗೆ ಒಂದು ಸುಲಿದ ತೆನೆ ಎತ್ತಿಕೊಂಡು ತನ್ನ ಗದ್ದವನ್ನು ಕೆಳಗಿನಿಂದ ಮೇಲಕ್ಕೆ ನೂಕತೊಡಗಿದಳು. ನಗೆಯ ಅಬ್ಬರಕ್ಕೆ ಕೋಳಿಗಳು ಎದ್ದು ಓಡಿದವು.

ಹುಡುಗಿಯನ್ನು ಉಳಿಸಲೆಂದು ಅಷ್ಟು ಜನ ಹೂಂ ಅನ್ನುತ್ತಿದ್ದರು, ಓದುಗರೇ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. (ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಎದ್ದು ಹೋಗಿ ನೀರು ಕುಡಿದು ಬಂದೆ.)

ಅಜ್ಜಿಯ ಮೊಣಕಾಲು ತುಳಜಾಳ ಮೊಣಕಾಲಿಗೆ ತಾಗಿತ್ತಲ್ಲ, ಅದು ಗಡಗಡ ನಡುಗುತ್ತಿತ್ತು. ರಕ್ಕಸಿಯ ಮೊಣಕಾಲು ನಡುಗುವುದಿಲ್ಲ. ತುಳಜಾ ಕೈ ಚಾಚಿ ಅಜ್ಜಿಯ ಕಿವಿಯ ಮುಂದೆ ಬೆರಳಿಟ್ಟಳು. ಗುಂಡು ಇರಬೇಕಾದಲ್ಲಿ ಗುಂಡು ಇರಲಿಲ್ಲ. ಬೆರಳು ಕುಳಿಯೊಳಗೆ ಇಳಿಯಿತು.

“ಸುಮ್ನಿರ್ರೀ ಎಲ್ಲಾರೂ!” ಎಂದು ಕಿರುಚಿದಳು. “ಇದು ಕತಿ ಅಲ್ರೀ! ಇದು ಖರೇನ!”

ಹೂಂ ನಿಂತಿತು. ನಾನಿಬಾಯಿಯ ಮುಖದಲ್ಲಿ ಅದುವರೆಗೆ ನೋವಿತ್ತು. ಹೂಂ ನಿಂತ ಕ್ಷಣ ಅಲ್ಲಿ ಬೇರೇನೋ ಬಂದದ್ದನ್ನು ತುಳಜಾ ಕಂಡಳು. ಹೆದರಿಕೆ. ಯಾಕೆಂದು ಆಗ ತಿಳಿಯಲಿಲ್ಲ.

೪

ಮುಂಡಗೋಡಕ್ಕೆ ಬೈಕಿನ ಮೇಲೆ. ಮುಂದೆ ತುಳಜಾಳ ಅಪ್ಪ ಮೋತಿಲಾಲ, ನಡುವೆ ತೆರೆದ ಬಾಯಿಗೆ ಟವೆಲ್ ಹೊದಿಸಿಕೊಂಡ ನಾನಿಬಾಯಿ, ಹಿಂದೆ ತುಳಜಾ. (ಈ ದಾರಿಯನ್ನು ಎರಡು ಪುಟ ವರ್ಣಿಸಿದ್ದೆ. ಬಾಯಿ ತೆರೆದವಳನ್ನು ಕೂರಿಸಿಕೊಂಡು ಪ್ರಕೃತಿವರ್ಣನೆ ಮಾಡುತ್ತೀಯಲ್ಲ, ನಾಚಿಕೆ ಇಲ್ಲವೇ ಎಂದು ಮೋತಿಲಾಲ ಬೈದ. ತೆಗೆದೆ.)

೫

ಹಲ್ಲಿನ ಡಾಕ್ಟರು ರೀಟಾ, ಹಳಿಯಾಳ ಕಡೆಯ ಸಿದ್ದಿ ಜನರ ಮನೆಯವಳು. ಕೈಯ ಗವಸಿನ ಮೇಲೆ ಎರಡೂ ಹೆಬ್ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿಕೊಂಡಳು.

“ಅದ್ಯಾಕ್ರೀ ಮೇಡಂ?” ಎಂದ ಮೋತಿಲಾಲ.

“ದವಡಿ ಕೂತಿದ್ದs ತಡ, ಬಾಯಿ ತಾನಾಗೇ ಕಡೀತೈತ್ರಿ. ಅವ್ವಾರು ಬ್ಯಾಡಂದ್ರೂ ಕಡೀತೈತಿ.” ಆಮೇಲೆ ನಾನಿಬಾಯಿಗೆ: “ಅವ್ವಾ, ದವಡಿ ಬರೇ ಬಾಗಿಲಿನಂಗ ತೆರಿಯಾಂಗಿಲ್ರಿ, ಡ್ರಾವರಿನಂಗ ಮುಂದಕ್ಕೂ ಜಾರ್ತೈತಿ. ನೀವು ಡ್ರಾವರ್ ಪೂರಾ ಎಳದಬಿಟ್ಟೀರಿ. ಈಗ ಸ್ನಾಯು ಬಿಗಿಹಿಡದಾವು, ಒಳಗ ಹೋಗವಲ್ದು. ಸಡಿಲ ಬಿಡ್ರಿ. ನನ್ನ ನೋಡ್ರಿ.”

ಹೆಬ್ಬೆರಳುಗಳು ಹಿಂದಿನ ಹಲ್ಲುಗಳ ಮೇಲೆ ಕೂತವು. ಕೆಳಕ್ಕೆ ಒತ್ತಿ, ಹಿಂದಕ್ಕೆ ತಳ್ಳಿ—

ಟಕ್.

ಬಾಯಿ ಮುಚ್ಚಿತು. ಮೋತಿಲಾಲ ಗೋಡೆಗೆ ಒರಗಿ ಕೂತುಬಿಟ್ಟ. ಕಥೆ ಇಲ್ಲಿಗೇ ಮುಗಿಯಬಹುದಿತ್ತು, ನಾನೂ ಪೆನ್ನಿನ ಟೋಪಿ ಹಾಕಿದ್ದೆ. ಆಗ ನಾನಿಬಾಯಿ ತುಟಿ ಬಿಚ್ಚಿದಳು.

“ಹುಡುಗಿ ಎಲ್ಲದಾಳ?”

“ಇಲ್ಲೇ ಅದೇನಿ ಅಜ್ಜಿ.”

“ನೀ ಅಲ್ಲ. ಬಾಯಾಗಿದ್ದಾಕಿ.” ಆಕೆಯ ಕೈ ಗದ್ದವನ್ನು ತಡವುತ್ತಿತ್ತು. “ನೀವು ಹೂಂ ನಿಲ್ಲಿಸಿದ್ರಿ. ಈ ಡಾಕ್ಟರ್ ನನ್ನ ಬಾಯಿ ಮುಚ್ಚಿದ್ಲು. ಆಕೀ ಒಳಗs ಇದ್ಲು, ತುಳಜಾ.”

ನಾನಿಬಾಯಿ ಅಳತೊಡಗಿದಳು. ದವಡೆ ಜಾರಿದಾಗ ಬಂದ ಕಣ್ಣೀರಿಗಿಂತ ಬೇರೆ ಕಣ್ಣೀರು. ರೀಟಾ ಬಾಯೊಳಗೆ ಇಣುಕಲು ಹೋಗಿ ತಡೆದುಕೊಂಡಳು. ಗದ್ದದಿಂದ ನೆತ್ತಿಗೆ ಪಟ್ಟಿ ಸುತ್ತಿ ಹೇಳಿದಳು: ರೊಟ್ಟಿ ಬೇಡ, ಸುಟ್ಟ ತೆನೆ ಬೇಡ, ಬರೇ ಗಂಜಿ. ಆಕಳಿಕೆ ಬಂದರೆ ಗದ್ದಕ್ಕೆ ಕೈ ಕೊಡಬೇಕು. ಇನ್ನು ಮುಂದೆ ಎರಡು ಬೆರಳಿಗಿಂತ ಅಗಲ ಬಾಯಿ ತೆರೆಯಬಾರದು, ಮತ್ತೆ ಜಾರುತ್ತದೆ.

ತುಳಜಾ ಅಜ್ಜಿಯ ಮುಖ ನೋಡಿದಳು. ಎರಡು ಬೆರಳಗಲದ ರಕ್ಕಸಿ. ಅಷ್ಟರಲ್ಲಿ ಯಾವ ಹುಡುಗಿ ಹೊರಗೆ ಬಂದಾಳು?

೬

ಕೊನೆಗಳನ್ನು ಪ್ರಯತ್ನಿಸಿದೆ.

ಅ) ಹುಡುಗಿ ಅಂತ ಯಾರೂ ಇಲ್ಲ, ಅದು ಬರೀ ಕಥೆ ಎಂದು ತುಳಜಾ ಅಜ್ಜಿಗೆ ತಿಳಿಹೇಳುತ್ತಾಳೆ. (ತುಳಜಾ ಒಪ್ಪಲಿಲ್ಲ. “ನೀವs ಹೋಗಿ ಹೇಳ್ರಿ ನೋಡೂಣು,” ಎಂದಳು. ನನಗೆ ಧೈರ್ಯ ಸಾಲಲಿಲ್ಲ.)

ಆ) ಹುಡುಗಿ ಮೂಗಿನಿಂದ ಬಂದಳು. (“ಆ ದಾರಿ ಹ್ವಾದ ವರ್ಷ ಮುಗದೈತಿ,” ಎಂದಳು ಮಹಾದೇವಕ್ಕ.)

ಇ) ಮರುದಿನ ಮತ್ತೆ ಅದೇ ರಾಶಿ. ಯಾರ ಕೈಯೂ ಓಡುತ್ತಿಲ್ಲ. ನಾನಿಬಾಯಿ ಪಟ್ಟಿ ಕಟ್ಟಿಕೊಂಡು ಕೂತಿದ್ದಾಳೆ, ಗಂಜಿ ಮುಟ್ಟಿಲ್ಲ. ತುಳಜಾ ಎದ್ದು ಅಜ್ಜಿ ಒರಗುವ ಜಾಗಕ್ಕೆ ಬಂದು ಕೂತಳು. ನೀರಿಗೆ ಹೋದ ಹುಡುಗಿಯಿಂದ ಶುರು ಮಾಡಿದಳು. ಮೊದಲ ಸಾಲಿಗೆ ಯಾರೂ ಏನೂ ಅನ್ನಲಿಲ್ಲ. ಎರಡನೆಯದಕ್ಕೆ ಪಟ್ಟಿಯ ಒಳಗಿನಿಂದ ಒಂದು ಸದ್ದು.

“ಹೂಂ.”

ಹಲ್ಲಿಗೆ ಹಲ್ಲು ಕೂಡಿಸಿಟ್ಟುಕೊಂಡೂ ಅದೊಂದನ್ನು ಅನ್ನಬಹುದು. ಅದಕ್ಕೆ ದವಡೆ ಬೇಡ.

ಗವಿ ಬಂತು. ಬಿಳಿ ಕಲ್ಲು ಬಂತು. ಕೊಡ ಇಟ್ಟಾಯಿತು, ಕಲ್ಲು ಅಲುಗಿತು. ತುಳಜಾ ಬಾಯಿ ತೆರೆದಳು, ಅಜ್ಜಿ ತೆರೆಯುತ್ತಿದ್ದಷ್ಟೇ ಅಗಲ. ಹುಡುಗಿಯನ್ನು ಹೊರತರುವ ದಾರಿ ಆಕೆಗೆ ಗೊತ್ತಿಲ್ಲ. (ನನಗೂ.) ಆಕೆಯ ಕಣ್ಣಲ್ಲಿ ನೀರು ತುಂಬಿತು.

ಮಹಾದೇವಕ್ಕ ಮುಂದಕ್ಕೆ ಬಾಗಿದಳು. “ಏ ತುಳಜಾ… ಆ್ಯಕ್ಟಿಂಗೋ, ಖರೇನ ಸಿಕ್ಕೊಂಡೈತೋ?”

ಬಾಯಿ ತೆರೆದವಳು ಉತ್ತರ ಕೊಡುವುದು ಹೇಗೆ? ಮಹಾದೇವಕ್ಕನ ಬೆರಳು ಆಕೆಯ ಕಿವಿಯ ಮುಂದಿನವರೆಗೆ ಬಂದಿದೆ. ಬೆರಳಿಗೆ ಗುಂಡು ತಾಗುತ್ತದೋ, ಬೆರಳು ಕುಳಿಗೆ ಇಳಿಯುತ್ತದೋ ಬರೆಯಬಹುದಿತ್ತು. ಬರೆದರೆ ಬಾಯಿ ಮುಚ್ಚಬೇಕಾಗುತ್ತದೆ, ಹುಡುಗಿ ಇನ್ನೂ ಒಳಗಿದ್ದಾಳೆ. ನಾನು ಬೆರಳನ್ನು ಅಲ್ಲೇ ನಿಲ್ಲಿಸಿದ್ದೇನೆ.

ನಾನಿಬಾಯಿ ಒಬ್ಬಳೇ ಹೂಂ ಅನ್ನುತ್ತಿದ್ದಾಳೆ. ವಯಸ್ಸಾದ ಜೀವ, ಉಸಿರು ಸಾಲುತ್ತಿಲ್ಲ.

ಓದುತ್ತ ಸುಮ್ಮನೆ ಕೂತಿದ್ದೀರಲ್ಲ, ನೀವೂ ಅನ್ನಿ.