ಗುರುವಾರದ ಪೆಟ್ರೋಲು

ನಾನು ಒಂದು ಮೊಪೆಡ್. ಎರಡು ಚಕ್ರ, ಒಂದು ಪುಟ್ಟ ಎಂಜಿನ್, ಎಂಜಿನ್ ಕೈಕೊಟ್ಟರೆ ಇರಲಿ ಎಂದು ಎರಡು ಪೆಡಲ್. ಸೈಕಲ್ಲುಗಳ ಸಾಲಿನಲ್ಲಿ ನಿಂತರೆ ಅವು ನನ್ನನ್ನು ದೊಡ್ಡ ಮನೆತನದವನೆಂದು ದೂರ ಇಡುತ್ತಿದ್ದವು. ಮೋಟಾರ್ ಸೈಕಲ್ಲುಗಳ ಪಕ್ಕ ನಿಂತರೆ ಅವು ನನ್ನ ಪೆಡಲ್ ನೋಡಿ ನಗುತ್ತಿದ್ದವು. ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ. ತಗಡು, ಕೊಳವೆ, ತಂತಿ ಎಲ್ಲ ಬೇರೆ ಬೇರೆ ಬಿದ್ದಿದ್ದಾಗ ನಾನು ಇದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಯಾರೋ ಮೈಗೆ ಹಸಿರು ಬಣ್ಣ ಹೊಡೆದರು, ಇನ್ಯಾರೋ ಪ್ಲಗ್ ಸಿಕ್ಕಿಸಿ ಪೆಡಲ್ ತುಳಿದರು. ಎರಡು ಸಲ ಕೆಮ್ಮಿದೆ. ಬದುಕು ಶುರುವಾಯಿತು.

೧೯೭೯ರ ಶ್ರಾವಣದಲ್ಲಿ ಲಾರಿಯೇರಿ ಹುಬ್ಬಳ್ಳಿಗೆ ಬಂದೆ. ಅಂಗಡಿಯಲ್ಲಿ ನನ್ನನ್ನು ಆರಿಸಿದವರು ಧಾರವಾಡದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ವಾಮನರಾವ್ ಗಲಗಲಿ. ಧಾರವಾಡದ ಏರು ಇಳುಕಲುಗಳಲ್ಲಿ ಇಪ್ಪತ್ತು ವರ್ಷ ಸೈಕಲ್ ತುಳಿದು ಅವರ ಮೊಣಕಾಲು ಸವೆದಿತ್ತು. ಅವರು ನನ್ನ ಬಣ್ಣ ಕೇಳಲಿಲ್ಲ, ಬೆಲೆಯ ಬಗ್ಗೆ ಚೌಕಾಸಿ ಮಾಡಲಿಲ್ಲ. ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅಂಗಡಿಯವನಿಗೆ ಒಂದೇ ಪ್ರಶ್ನೆ ಕೇಳಿದರು: "ಎಂಜಿನ್ನಿಗೆ ನಾಕು ಸ್ಟ್ರೋಕ್ ಯಾಕಿಲ್ಲ, ಎರಡ ಯಾಕ?" ಅಂಗಡಿಯವ ತಲೆ ಕೆರೆದುಕೊಂಡ. ಸರ್ ಅಲ್ಲೇ ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ಅವನಿಗೆ ಅರ್ಧ ಗಂಟೆ ಪಾಠ ಮಾಡಿದರು.

ಮನುಷ್ಯರನ್ನು ನಾನು ಭಾರದಿಂದ ಗುರುತಿಸುತ್ತೇನೆ. ಸರ್ ಹಗುರ ಮನುಷ್ಯರು. ಆದರೆ ನೆಟ್ಟಗೆ ಕೂರುತ್ತಿದ್ದರು. ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಕ್ಯಾರಿಯರಿನಲ್ಲಿ ಕೊಡೆ. ನನ್ನ ಟರ್ರೆನ್ನುವ ಸದ್ದು ಕೇಳಿದರೆ ಸಾಕು, ಹಾಸ್ಟೆಲಿನ ಅಂಗಳದಲ್ಲಿ ಇಸ್ಪೀಟಿನ ಎಲೆಗಳು ಅಂಗಿಯೊಳಗೆ ಹೋಗುತ್ತಿದ್ದವು, ಎಲ್ಲಿಂದಲೋ ಪುಸ್ತಕಗಳು ಹೊರಗೆ ಬರುತ್ತಿದ್ದವು. ಹುಡುಗರು ನನಗೆ 'ಮಿಡಚಿ' ಎಂದು ಹೆಸರಿಟ್ಟರು. ಹಸಿರು ಬಣ್ಣದ, ಕುಪ್ಪಳಿಸುತ್ತಾ ಬರುವ ಮಿಡತೆ. ನನಗದು ಅವಮಾನವೆನಿಸಲಿಲ್ಲ. ಆ ಕಾಲೇಜಿನಲ್ಲಿ ಅಡ್ಡಹೆಸರಿಲ್ಲದವರು ಗೋಡೆಯ ಮೇಲಿನ ಫೋಟೋದಲ್ಲಿರುವ ಸಂಸ್ಥಾಪಕರು ಮಾತ್ರ.

ಮೊದಲ ನಾಲ್ಕು ವರ್ಷ ಹೇಳುವಂಥದ್ದೇನೂ ನಡೆಯಲಿಲ್ಲ. ಐದನೆಯ ವರ್ಷ ದುಂಡಪ್ಪ ಮೇಟಿ ಬಂದ.

ದುಂಡಪ್ಪ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗ. ಮುಧೋಳದ ಕಡೆಯವನು, ಹೆಸರಿಗೆ ತಕ್ಕ ದೇಹ, ಮಾತು ಕಡಿಮೆ. ಒಂದು ಸಲ ನಪಾಸಾಗಿದ್ದ. "ಈ ವರ್ಷನೂ ಹಂಗ ಆದ್ರ ಇಟ್ಟಂಗಿ ಭಟ್ಟಿಗೆ ಬಂದ್ಬಿಡು" ಎಂದು ಊರಿನಲ್ಲಿ ಇಟ್ಟಿಗೆ ಸುಡುತ್ತಿದ್ದ ಅವನ ಅಣ್ಣ ಕಾಗದ ಬರೆದಿದ್ದ. ಅವನ ರೂಮಿನ ಗೆಳೆಯ ರಂಗನಾಥ ಜಾಲಿಹಾಳ. ಕಡ್ಡಿಯಂಥ ಹುಡುಗ, ಜಗತ್ತಿನಲ್ಲಿ ಅವನಿಗೆ ಎರಡೇ ವಿಷಯ ಪ್ರೀತಿ: ತಮಾಷೆ ಮತ್ತು ಗಿರಮಿಟ್. ಊರಾಚೆಯ ಸರ್ಕಲ್ಲಿನಲ್ಲಿ ಒಬ್ಬ ಅಜ್ಜ ಮಂಡಕ್ಕಿಗೆ ಹುಳಿ, ಬೆಲ್ಲ, ಉಳ್ಳಾಗಡ್ಡಿ ಕಲಸಿ ಮಾಡುತ್ತಿದ್ದ ಗಿರಮಿಟ್ಟಿಗಾಗಿ ರಂಗನಾಥ ಮೂರು ಕಿಲೋಮೀಟರ್ ನಡೆಯಲು ಸಿದ್ಧನಿದ್ದ. ಆದರೆ ನಡೆಯದೆ ಹೋಗುವ ದಾರಿ ಇದ್ದರೆ ಯಾಕೆ ನಡೆಯಬೇಕು?

ಸರ್ ಗುರುವಾರ ಮಧ್ಯಾಹ್ನ ಎರಡನೆಯ ವರ್ಷದವರ ಪ್ರಾಕ್ಟಿಕಲ್ ಕ್ಲಾಸಿಗೆ ಹೋದರೆ ಎರಡು ಗಂಟೆ ಹೊರಗೆ ಬರುತ್ತಿರಲಿಲ್ಲ. ನನಗೆ ಕೀಲಿ ಇರಲಿಲ್ಲ, ಬೀಗ ತುಕ್ಕು ಹಿಡಿದಿತ್ತು. ಇಬ್ಬರೂ ನನ್ನನ್ನು ಗೇಟಿನವರೆಗೆ ಸದ್ದಿಲ್ಲದೆ ನೂಕುತ್ತಿದ್ದರು; ಆಚೆ ಹೋದ ಮೇಲೆ ದುಂಡಪ್ಪ ಪೆಡಲ್ ತುಳಿಯುತ್ತಿದ್ದ, ರಂಗನಾಥ ಕ್ಯಾರಿಯರಿನ ಮೇಲೆ ಹಾರುತ್ತಿದ್ದ. ದುಂಡಪ್ಪನ ಭಾರಕ್ಕೆ ನನ್ನ ಹಿಂದಿನ ಟಯರು ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. ಆದರೂ ನಿಜ ಹೇಳಬೇಕೆಂದರೆ, ವಾರದ ಆರು ದಿನ ನಾನು ಗುರುವಾರಕ್ಕೆ ಕಾಯುತ್ತಿದ್ದೆ. ಸರ್ ನನ್ನನ್ನು ಓಡಿಸುತ್ತಿದ್ದರು. ಆ ಇಬ್ಬರು ನನ್ನನ್ನು ಕುಣಿಸುತ್ತಿದ್ದರು.

ಸರ್ ಕಣ್ಣಿಗೆ ಬಿದ್ದದ್ದು ಪೆಟ್ರೋಲು. ಅವರು ದಿನಾ ಸಂಜೆ ಒಂದು ಬಿದಿರಿನ ಕಡ್ಡಿಯನ್ನು ನನ್ನ ಟ್ಯಾಂಕಿನಲ್ಲಿ ಅದ್ದಿ ಅಳತೆ ನೋಡುತ್ತಿದ್ದರು. ಗುರುವಾರ ಮಾತ್ರ ಓಡಿಸಿದ ಲೆಕ್ಕಕ್ಕಿಂತ ಒಂದು ಬೆರಳು ಕಡಿಮೆ. ಮನುಷ್ಯರು ಕದ್ದಿರಬಹುದು ಎಂಬ ಯೋಚನೆ ಅವರಿಗೆ ಹೊಳೆಯಲೇ ಇಲ್ಲ. ನಿಸರ್ಗದಲ್ಲಿ ಕಾರಣ ಹುಡುಕಿದರು. ಮುಚ್ಚಳ ಸಡಿಲವಾಗಿದೆ, ಬಿಸಿಲಿಗೆ ಆವಿಯಾಗುತ್ತಿದೆ ಎಂದು ತೀರ್ಮಾನಿಸಿ, ಕೊನೆಯ ವರ್ಷದ ಕ್ಲಾಸಿನಲ್ಲಿ ಆವಿಯಾಗುವಿಕೆಯ ಬಗ್ಗೆ ಎರಡು ದಿನ ಪಾಠ ಮಾಡಿದರು. ದುಂಡಪ್ಪ, ರಂಗನಾಥ ಮುಂದಿನ ಬೆಂಚಿನಲ್ಲಿ ಕೂತು ಶ್ರದ್ಧೆಯಿಂದ ಬರೆದುಕೊಂಡರಂತೆ.

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಕಿರುಪರೀಕ್ಷೆಯಲ್ಲಿ ಸರ್ ಅದನ್ನೇ ಪ್ರಶ್ನೆ ಮಾಡಿದರು. ವಾರದ ಹೆಸರು ಸಮೇತ ಇಪ್ಪತ್ತು ದಿನಗಳ ಪೆಟ್ರೋಲಿನ ಅಳತೆ, ಆಯಾ ದಿನದ ಉಷ್ಣತೆ, ಎರಡನ್ನೂ ಕೊಟ್ಟು 'ವಿವರಿಸಿ' ಎಂದರು. ಆ ವಾರ ಮನೆಯ ಅಂಗಳದಲ್ಲಿ ನನ್ನ ಪಕ್ಕ ಆರಾಮ ಕುರ್ಚಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಾ ಹೆಂಡತಿ ಇಂದಿರಾಬಾಯಿಗೆ ಓದಿ ಹೇಳುತ್ತಿದ್ದರು. ರಂಗನಾಥ ಧಾರವಾಡದ ಸೂರ್ಯನ ಪ್ರತಾಪದ ಬಗ್ಗೆ ಎರಡು ಪುಟ ಬರೆದಿದ್ದ. ಇಂದಿರಾಬಾಯಿ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಸರ್ ಇನ್ನೊಂದು ಪತ್ರಿಕೆ ತೆಗೆದು ಎರಡು ಸಲ ಗಟ್ಟಿಯಾಗಿ ಓದಿದರು. ಅದು ಕಸ್ತೂರಿ ಹಂಚಿನಾಳಳದು. ಕಸ್ತೂರಿ ಅದೇ ಕ್ಲಾಸಿನ ಹುಡುಗಿ, ಮಾರ್ಕೆಟ್ಟಿನ ದರ್ಜಿಯ ಮಗಳು. ಅಪ್ಪ ಬಟ್ಟೆ ಕತ್ತರಿಸಿದಷ್ಟೇ ನೇರ ಅವಳ ಮಾತು. ಅವಳ ಉತ್ತರ ನಾಲ್ಕೇ ಸಾಲು. "ಸುಡುಬಿಸಿಲಿನ ಸೋಮವಾರ ಪೆಟ್ರೋಲು ಲೆಕ್ಕಕ್ಕಿಂತ ಕಡಿಮೆಯಾಗಿಲ್ಲ. ಮೋಡ ಕವಿದ ಗುರುವಾರವೂ ಒಂದು ಬೆರಳು ಕಡಿಮೆಯಾಗಿದೆ. ಸೂರ್ಯನಿಗೆ ವಾರ ಗೊತ್ತಿರುವುದಿಲ್ಲ. ಆದ್ದರಿಂದ ಪೆಟ್ರೋಲು ಬಿಸಿಲಿನಿಂದಲ್ಲ, ಮನುಷ್ಯರಿಂದ ಹೋಗಿದೆ."

ಸರ್ ಹತ್ತಕ್ಕೆ ಹತ್ತು ಕೊಟ್ಟರು. ಕೊಟ್ಟು, ಬಹಳ ಹೊತ್ತು ನನ್ನನ್ನು ನೋಡಿದರು. ಆಗಷ್ಟೇ ಮೊದಲ ಸಲ ನನಗೆ ಹೆದರಿಕೆಯಾಯಿತು.

ಮುಂದಿನ ಗುರುವಾರ ಹಿಂತಿರುಗುವಾಗ ಪೆಟ್ರೋಲು ಮುಗಿಯಿತು. ಏರು ದಾರಿ. ದುಂಡಪ್ಪ ಬೆವರು ಸುರಿಸುತ್ತಾ ಪೆಡಲ್ ತುಳಿಯುತ್ತಿದ್ದ. ರಂಗನಾಥ ಕ್ಯಾರಿಯರಿನ ಮೇಲೆ ಕೂತು ಗಿರಮಿಟ್ ಪೊಟ್ಟಣ ಹಿಡಿದು "ಇನ್ನೊಂಚೂರು ಜೋರ್ ತುಳಿಯೋ, ಮೆತ್ತಗಾಗತೈತಿ" ಎನ್ನುತ್ತಿದ್ದ. ಗೇಟಿನಲ್ಲಿ ಸರ್ ನಿಂತಿದ್ದರು. ಅವರೊಬ್ಬರೇ ಆಗಿದ್ದರೆ ಹೇಗೋ ಆಗುತ್ತಿತ್ತು. ಹಿಂದೆ ಪ್ರಿನ್ಸಿಪಾಲ್ ಹಿರೇಗೌಡರೂ ಇದ್ದರು.

"ಗಲಗಲಿಯವರ, ಇದು ನಿಮ್ಮ ಗಾಡಿ ಅಲ್ಲೇನ್ರೀ?" ಎಂದರು ಪ್ರಿನ್ಸಿಪಾಲರು.

ರಂಗನಾಥ ಪೊಟ್ಟಣ ಮುಂದೆ ಚಾಚಿ, "ಗಿರಮಿಟ್ ತಗೋರಿ ಸರ್" ಎಂದ. ಹೆದರಿದಾಗ ಅವನ ಬಾಯಿಂದ ಅದೇ ಬರುತ್ತಿತ್ತು.

ನನ್ನನ್ನು ಸಾಕ್ಷಿಯೆಂದು ಆಫೀಸಿನ ಕಿಟಕಿಯ ಕೆಳಗೆ ನಿಲ್ಲಿಸಿದರು. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಪ್ರಿನ್ಸಿಪಾಲರದು ಒಂದೇ ಮಾತು: ಇದು ಕಳವು, ಗಲಗಲಿಯವರು ದೂರು ಬರೆದುಕೊಡಲಿ, ಇಬ್ಬರ ಹಾಲ್ ಟಿಕೆಟ್ ತಡೆಹಿಡಿಯುತ್ತೇನೆ. ರಂಗನಾಥನ ತಮಾಷೆ ನಿಂತಿತ್ತು. ದುಂಡಪ್ಪ ಮಾತ್ರ ಹೇಳಿದ, "ಗಾಡಿ ಹೊಡದಾಂವ ನಾನ್ರೀ. ಅವ ಬರೇ ಹಿಂದ ಕುಂತಿದ್ದ. ಅವಂದು ಬಿಡ್ರಿ." ಅವನ ದನಿ ಇಟ್ಟಿಗೆಯಂತೆ ಒಣಗಿತ್ತು.

ಪೆಟ್ರೋಲಿನ ಒಗಟನ್ನು ಒಬ್ಬ ಹುಡುಗಿ ಬಿಡಿಸಿದ ಸುದ್ದಿ ಸ್ಟಾಫ್ ರೂಮಿನಿಂದ ಪ್ರಿನ್ಸಿಪಾಲರಿಗೂ ತಲುಪಿತ್ತು. ಕಸ್ತೂರಿಯನ್ನು ಕರೆಸಿದರು. ಅವಳ ಚಪ್ಪಲಿ ನನ್ನ ಪಕ್ಕದಲ್ಲೇ ಹಾದುಹೋಗಿ ಬಾಗಿಲಲ್ಲಿ ತಡೆದು ನಿಂತಿತು. ಒಳಗೆ ಯಾರಿದ್ದಾರೆಂದು ಆಗ ಅವಳಿಗೆ ಗೊತ್ತಾಗಿರಬೇಕು.

"ಪೇಪರಿನ್ಯಾಗ ಏನ್ ಬರದೀಯವಾ, ಹೇಳು," ಎಂದರು ಪ್ರಿನ್ಸಿಪಾಲರು.

"ಪೆಟ್ರೋಲ್ ಮನಷ್ಯಾರಿಂದ ಹೋಗೇತಿ ಅಂತ ಬರದೀನ್ರಿ ಸರ್." ಸ್ವಲ್ಪ ತಡೆದು ಸೇರಿಸಿದಳು, "ಯಾವ ಮನಷ್ಯಾರು ಅಂತ ಬರದಿಲ್ರಿ."

"ಯಾವ ಮನಷ್ಯಾರು ಅಂತ ಇಲ್ಲೇ ನಿಂತಾರಲ್ಲ!" ಎಂದು ಪ್ರಿನ್ಸಿಪಾಲರು ಮೇಜು ಗುದ್ದಿದರು. "ಗಲಗಲಿಯವರ, ಬರೀರಿ ದೂರು."

ಕುರ್ಚಿ ಸರಿದ ಸದ್ದು. ಸರ್ ಎದ್ದು ನಿಂತಿರಬೇಕು.

"ಗಾಡಿ ನಾನ ಕೊಟ್ಟಿದ್ದೆ," ಎಂದರು.

"ನೀವ ಕೊಟ್ಟಿದ್ರಿ? ಹಂಗಾದ್ರ ಆ ಪ್ರಶ್ನಿ ಯಾಕ ಕೇಳಿದ್ರಿ?"

"ಪಾಠದಾಗ ತಪ್ಪು ಹೇಳಿದ್ರ ಹುಡುಗರು ಕಂಡುಹಿಡೀತಾರೋ, ಇಲ್ಲಾ ಬರೇ ಬರಕೋತಾರೋ ನೋಡಬೇಕಿತ್ತು. ನಲವತ್ತೆಂಟು ಮಂದಿ ಬರಕೊಂಡ್ರು. ಒಬ್ಬಾಕಿ ಕಂಡುಹಿಡದ್ಲು. ಪ್ರಯೋಗ ಮುಗೀತು."

ಆಮೇಲೆ ಪ್ರಿನ್ಸಿಪಾಲರು ದೊಡ್ಡದಾಗಿ ಗಂಟಲು ಸರಿಮಾಡಿಕೊಂಡು, "ಫಿಸಿಕ್ಸ್ ಮಂದಿ ಸಹವಾಸ ಸಾಕಪಾ" ಎಂದು ಎಲ್ಲರನ್ನೂ ಹೊರಗೆ ಕಳಿಸಿದರು.

ಅಂದು ಸಂಜೆ ಸರ್ ನನ್ನನ್ನು ಮನೆಯವರೆಗೂ ನೂಕಿಕೊಂಡೇ ಹೋದರು. ದಾರಿಯಲ್ಲಿ ಪೆಟ್ರೋಲು ಹಾಕಿಸಬಹುದಿತ್ತು, ಹಾಕಿಸಲಿಲ್ಲ. ಮನೆಯ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಹೇಳಿದರು, "ಇಂದಿರಾ, ಇವತ್ತ ಒಂದು ಸುಳ್ಳು ಹೇಳಿದೆ."

"ಛಲೋತ್ನಂಗ ಹೇಳಿದ್ರೋ ಇಲ್ಲೋ?"

"ಭಾಳ ಛಲೋ ಹೇಳಿದೆ. ಅದ ಚಿಂತಿ ಆಗೇದ."

ಪ್ರಿನ್ಸಿಪಾಲರಿಂದ ಉಳಿಸಿದರೂ ಸರ್ ಶಿಕ್ಷೆ ಬಿಡಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ದುಂಡಪ್ಪ ಮನೆಗೆ ಬಂದು ನನ್ನನ್ನು ತೊಳೆದು ಒರೆಸಬೇಕು. ಆಮೇಲೆ ಹತ್ತು ಲೆಕ್ಕ ಮಾಡಬೇಕು. ಒಂದು ತಪ್ಪಿದರೆ ಇನ್ನೂ ಹತ್ತು. ದುಂಡಪ್ಪ ಮಡ್‌ಗಾರ್ಡಿನ ಮಣ್ಣು ಕೆರೆಯುತ್ತಾ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದ. ಎರಡನೆಯ ವಾರದಿಂದ ರಂಗನಾಥನೂ ಬಂದ, ಯಾರೂ ಕರೆಯದಿದ್ದರೂ. ಇಂದಿರಾಬಾಯಿ ಹತ್ತು ಗಂಟೆಗೆ ಗಿರಮಿಟ್ ಮಾಡುತ್ತಾರೆಂದು ಅವನಿಗೆ ಗೊತ್ತಾಗಿತ್ತು.

ಮೂರನೆಯ ಭಾನುವಾರ ಕಸ್ತೂರಿ ಬಂದಳು. ಏನೋ ಪುಸ್ತಕದ ನೆಪ. ಸರ್ ಒಳಗಿದ್ದರು. ಅವಳು ನನ್ನ ಹ್ಯಾಂಡಲ್ ಹಿಡಿದು ನಿಂತಳು.

"ಅದು ನೀವು ಅಂತ ನನಗ ಗೊತ್ತಿರಲಿಲ್ಲ," ಎಂದಳು. ಆಮೇಲೆ, "ಗೊತ್ತಿದ್ರೂ ಬರೀತಿದ್ದೆ ಅನಸ್ತೈತಿ."

ದುಂಡಪ್ಪ ಚಿಂದಿಬಟ್ಟೆ ಹಿಂಡಿದ. "ಬರೀಬೇಕು ಮತ್ತ. ಲೆಕ್ಕ ಖರೇನ ಇತ್ತಲ್ಲ."

ಅಷ್ಟೇ ಮಾತು. ಆದರೆ ಅಂದು ಅವನು ನನ್ನ ಒಂದೇ ಚಕ್ರವನ್ನು ನಾಲ್ಕು ಸಲ ತೊಳೆದ.

ಫಲಿತಾಂಶ ಬಂತು. ಕಸ್ತೂರಿ ಕಾಲೇಜಿಗೆ ಮೊದಲು. ದುಂಡಪ್ಪ ಸೆಕೆಂಡ್ ಕ್ಲಾಸು. ರಂಗನಾಥ ಎರಡು ವಿಷಯದಲ್ಲಿ ನಪಾಸು. "ಸರ್ ಮನಿ ಗಿರಮಿಟ್ ಇನ್ನೊಂದು ವರ್ಷ ಸಿಗತೈತಿ" ಎಂದು ಸಮಾಧಾನ ಹೇಳಿಕೊಂಡ.

ಕಸ್ತೂರಿ ಎಂ.ಎಸ್ಸಿ. ಓದಲು ಮೈಸೂರಿಗೆ ಹೊರಟ ದಿನ ನನಗೆ ಇವತ್ತಿಗೂ ಹಾಗೇ ನೆನಪಿದೆ. ಅವಳ ಅಪ್ಪ ಟ್ರಂಕಿನ ಜೊತೆ ಟಾಂಗಾದಲ್ಲಿ ಮುಂದೆ ಹೋಗಿದ್ದರು. ಅವಳು ಕಾಲೇಜಿನಲ್ಲಿ ಸರ್ಟಿಫಿಕೇಟಿಗಾಗಿ ಕಾದು ಕಾದು, ಕೈಗೆ ಸಿಗುವ ಹೊತ್ತಿಗೆ ರೈಲಿಗೆ ಇಪ್ಪತ್ತೇ ನಿಮಿಷ. ದುಂಡಪ್ಪ ಅಲ್ಲೇ ಇದ್ದ. ಯಾಕಿದ್ದ ಎಂದು ನಾನು ಹೇಳುವುದಿಲ್ಲ. ಅವನ ಸರ್ಟಿಫಿಕೇಟು ಹಿಂದಿನ ದಿನವೇ ಸಿಕ್ಕಿತ್ತು. ಸರ್ ವರಾಂಡದಲ್ಲಿ ನಿಂತು ಇಬ್ಬರನ್ನೂ ನೋಡಿದರು.

"ದುಂಡಪ್ಪ, ಮಿಡಚಿ ತಗೊಂಡು ಹೋಗು."

ಆ ಹೆಸರು ಅವರಿಗೆ ಗೊತ್ತಿತ್ತೆಂದು ಅಂದೇ ನಮ್ಮೆಲ್ಲರಿಗೂ ತಿಳಿದದ್ದು.

ಕಸ್ತೂರಿ ಕ್ಯಾರಿಯರಿನ ಮೇಲೆ ಒಂದು ಪಕ್ಕಕ್ಕೆ ಕೂತು ಫೈಲನ್ನು ಎದೆಗವಚಿಕೊಂಡಳು. ಹಳೆಯ ಮರಗಳ ಕೆಳಗೆ ಸ್ಟೇಷನ್ನಿನ ಕಡೆಗೆ ಇಳುಕಲು. ದುಂಡಪ್ಪ ಎಂಜಿನ್ ಆರಿಸಿದ. ಪೆಟ್ರೋಲು ಉಳಿಸಲು ಎಂದ. ಟ್ಯಾಂಕು ತುಂಬಿತ್ತು, ನನಗೆ ಗೊತ್ತು. ಚಕ್ರದ ಸದ್ದು ಮಾತ್ರ. ಗಾಳಿಗೆ ಅವಳ ಸೆರಗು ನನ್ನ ಹಿಂದಿನ ದೀಪಕ್ಕೆ ಪಟಪಟ ಬಡಿಯುತ್ತಿತ್ತು. ಅಷ್ಟು ಉದ್ದದ ಇಳುಕಲಿನಲ್ಲಿ ದುಂಡಪ್ಪ ಹೇಳಿದ್ದು ಒಂದೇ ಮಾತು:

"ಮೈಸೂರಾಗ ಗಿರಮಿಟ್ ಸಿಗೂದಿಲ್ಲಂತ."

"ಹಂಗಾದ್ರ ಸೂಟಿಗೆ ಬರತೀನಿ," ಎಂದಳು ಅವಳು.

ರೈಲು ಸಿಕ್ಕಿತು. ದೀಪಾವಳಿಯ ರಜೆಗೆ ಅವಳು ಬಂದಳು ಕೂಡ. ಸರ್ ಮನೆಗೂ ಬಂದಿದ್ದಳು. ಆದರೆ ಅಷ್ಟು ಹೊತ್ತಿಗೆ ದುಂಡಪ್ಪ ಬಿ.ಎಡ್. ಓದಲು ಜಮಖಂಡಿಗೆ ಹೋಗಿದ್ದ, ಅಲ್ಲಿಂದ ನೇರ ಊರಿನ ಸುಗ್ಗಿಗೆ. ಯಾರೂ ಯಾರಿಗೂ ಕಾಗದ ಬರೆದಿರಲಿಲ್ಲ. ಮೂರು ವರ್ಷದ ಮೇಲೆ ಸರ್ ಮನೆಗೆ ಅವಳ ಮದುವೆಯ ಕಾರ್ಡು ಬಂತು. ಹುಡುಗ ಮೈಸೂರಿನ ಒಂದು ಕಾಲೇಜಿನ ಅಧ್ಯಾಪಕ. ಅದರ ಮರುವರ್ಷ ದುಂಡಪ್ಪನದು. ಅವನ ಹೆಂಡತಿ ಗಂಗವ್ವ ಒಳ್ಳೆಯ ಹೆಣ್ಣುಮಗಳು. ಇದರಲ್ಲಿ ದುಃಖದ ಕತೆಯೇನೂ ಇಲ್ಲ. ಒಂದು ಇಳುಕಲು ಇತ್ತು, ಇಳಿದರು.

ಸರ್ ನಿವೃತ್ತರಾದಾಗ ದುಂಡಪ್ಪನನ್ನು ಕರೆಸಿ ನನ್ನನ್ನು ಅವನಿಗೆ ಕೊಟ್ಟರು. ಅವನಾಗ ಮುಧೋಳದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಇನ್ನೂ ದಪ್ಪಗಾಗಿದ್ದ. ಹನ್ನೆರಡು ವರ್ಷ ಅವನನ್ನು ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಹೊತ್ತೆ. ಸರ್ ತೀರಿಹೋದ ಸುದ್ದಿ ಬಂದಾಗ ಅವನು ನನ್ನ ಮೇಲೇ ಬಸ್ ಸ್ಟ್ಯಾಂಡಿನವರೆಗೆ ಹೋದ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಕನ್ನಡಕ ಒರೆಸಿಕೊಂಡ.

ಆಮೇಲೆ ನನ್ನ ಎಂಜಿನ್ ಸವೆಯಿತು, ಬಿಡಿಭಾಗ ಸಿಗದಾದವು. ಗುಜರಿಯವನು ಬಂದ. ದುಂಡಪ್ಪ ಕೊಡಲಿಲ್ಲ; ಶಾಲೆಯ ಪ್ರಯೋಗಾಲಯಕ್ಕೆ ತಂದು, ತಾನೇ ಕೂತು ನನ್ನ ಎಂಜಿನ್ನನ್ನು ನಡುವೆ ಕತ್ತರಿಸಿ, ಒಳಗಿನದೆಲ್ಲ ಮಕ್ಕಳಿಗೆ ಕಾಣುವಂತೆ ಮಾಡಿದ. ನೋಯಲಿಲ್ಲ. ಇಷ್ಟು ವರ್ಷ ಊರೆಲ್ಲ ತಿರುಗಿದ್ದರೂ ನನ್ನೊಳಗೆ ಏನು ನಡೆಯುತ್ತಿತ್ತೆಂದು ನನಗೂ ಗೊತ್ತಿರಲಿಲ್ಲ. ಅಂದು ನಾನೂ ನೋಡಿದೆ.

ದುಂಡಪ್ಪ ಹೋದ ವರ್ಷ ನಿವೃತ್ತನಾದ. ಈಗ ಅವನ ಜಾಗದಲ್ಲಿರುವವಳು ಒಬ್ಬ ಹೊಸ ಟೀಚರ್, ಬಹಳ ಚುರುಕು. ನಾನು ಕಿಟಕಿಯ ಪಕ್ಕದ ಮೂಲೆಯಲ್ಲಿ ಮರದ ಪೀಠದ ಮೇಲೆ ನಿಂತಿದ್ದೇನೆ. ಟಯರಿಲ್ಲ. ಹಸಿರು ಬಣ್ಣ ಅಲ್ಲಲ್ಲಿ ಉಳಿದಿದೆ. ನೆನಪುಗಳು ಮನುಷ್ಯರಿಗೆ ಭಾರವಂತೆ, ಕೇಳಿದ್ದೇನೆ. ಭಾರ ಹೊತ್ತೇ ಬಾಳಿದ ನನಗೆ ಹಾಗೆ ಅನ್ನಿಸಿಲ್ಲ. ಇಬ್ಬರು ಹುಡುಗರು, ಒಂದು ಪೊಟ್ಟಣ ಗಿರಮಿಟ್, ಫೈಲು ಹಿಡಿದ ಒಬ್ಬ ಹುಡುಗಿ. ಎಲ್ಲ ಸೇರಿ ಎಷ್ಟು ತೂಕವಾದೀತು?

ಮೊನ್ನೆ ಒಂಬತ್ತನೆಯ ಕ್ಲಾಸಿನವರನ್ನು ನನ್ನ ಸುತ್ತ ನಿಲ್ಲಿಸಿ ಟೀಚರ್ ಪಿಸ್ಟನ್ ತೋರಿಸುತ್ತಿದ್ದಳು. ಎರಡು ಜಡೆಯ ಒಬ್ಬ ಹುಡುಗಿ ಹಿಂದಿನಿಂದ ಕೈ ತೂರಿಸಿ ಸಿಲಿಂಡರಿನೊಳಗೆ ಬೆರಳಾಡಿಸಿದಳು. ಬೆರಳ ತುದಿಗೆ ಹಳೆಯ ಕರಿ ಎಣ್ಣೆ ಅಂಟಿತು. ಅವಳು ಅದನ್ನು ಮೂಸಿ ನೋಡಿದಳು. ಆಮೇಲೆ ಮುಖದಲ್ಲಿ ಒಂದಿಷ್ಟೂ ನಗೆ ತೋರಿಸದೆ, ಮುಂದೆ ನಿಂತು ಗಂಭೀರವಾಗಿ ಪಾಠ ಕೇಳುತ್ತಿದ್ದ ಹುಡುಗನ ಬಿಳಿ ಅಂಗಿಯ ಬೆನ್ನಿಗೆ ಉದ್ದಕ್ಕೆ ಒರೆಸಿದಳು.

ಅವನಿಗೆ ಗೊತ್ತಾಗಲಿಲ್ಲ. ಟೀಚರಿಗೂ ಕಾಣಲಿಲ್ಲ. ನೋಡಿದ್ದು ನಾನೊಬ್ಬನೇ, ನಾನು ಯಾರಿಗೂ ಹೇಳುವುದಿಲ್ಲ.