ಡೀಲಿಯಾಳ ನೆಲಮಾಳಿಗೆ

ನೆಲಮಾಳಿಗೆಯ ಬಾಗಿಲಿನ ಚಿಲಕ ತೆಗೆದ ಬ್ರೀಡಾ ಅಲ್ಲೇ ನಿಂತುಬಿಟ್ಟಳು. ಕೆಳಗಿನ ಕತ್ತಲಿನಿಂದ ಹಳೆಯ ಬಿಯರಿನ ಹುಳಿವಾಸನೆ ಮುಖಕ್ಕೆ ಬಡಿಯಿತು.

ತಾಯಿ ಡೀಲಿಯಾಳನ್ನು ಮಣ್ಣು ಮಾಡಿ ಎಲ್ಲರೂ ಆಗಷ್ಟೇ ಬಂದಿದ್ದರು. ಕ್ಲೇರ್ ಸೀಮೆಯ ಆ ಹಳ್ಳಿಗೆ ಇದ್ದದ್ದು ಅವಳದೊಂದೇ ಪಬ್ಬು. ಊರೆಲ್ಲ ಅಲ್ಲಿ ಸೇರಿತ್ತು. ಮೇಲಿದ್ದ ಬಿಯರಿನ ಪೀಪಾಯಿ ಬರಿದಾಗಿತ್ತು; ಇನ್ನೊಂದನ್ನು ನೆಲಮಾಳಿಗೆಯಿಂದಲೇ ತರಬೇಕಿತ್ತು.

"ಏನಮ್ಮಾ ಬ್ರೀಡಾ, ನಮ್ಮನ್ನೂ ಬಾಯಾರಿಸಿ ನಿಮ್ಮಮ್ಮನ ಹಿಂದೇನೇ ಕಳಿಸ್ತೀಯಾ?" ಎಂದ ಕಮ್ಮಾರ ಟೈಗ್. "ಅವಳಾಗಿದ್ರೆ ಇಷ್ಟೊತ್ತಿಗೆ ಹಾಡ್ಕೊಂಡು ಇಳಿದು ಹತ್ತಿ ಬಂದಿರ್ತಿದ್ಲು."

"ಅದೇನ್ ಗಂಟಲೋ ಮಾರಾಯ. ಅದು ಕೇಳಿದ್ರೆ ಪಾದ್ರಿಗಳೂ ಪ್ರಾರ್ಥನೆ ನಿಲ್ಲಿಸ್ತಿದ್ರು" ಎಂದ ಇನ್ನೊಬ್ಬ.

ಜನ ನಕ್ಕರು. ಬ್ರೀಡಾ ನಗಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಇಳಿದವಳು ಆಮೇಲೆ ಆ ಮೆಟ್ಟಿಲು ತುಳಿದಿರಲಿಲ್ಲ.

*

ಆಗ ಇಂಗ್ಲಿಷರ ವಿರುದ್ಧ ದಂಗೆಯ ಕಾಲ; ಬ್ರೀಡಾ ಇನ್ನೂ ಚಿಕ್ಕವಳು. ಇಂಗ್ಲಿಷ್ ಸಿಪಾಯಿಗಳ ಲಾರಿ ಸೇತುವೆ ದಾಟಿತೆಂದು ಸುದ್ದಿ ಬಂದಾಗ, ಗುಂಡು ತಗುಲಿದ್ದ ಬಂಡಾಯಗಾರ ಹುಡುಗನನ್ನು ಡೀಲಿಯಾ ನೆಲಮಾಳಿಗೆಯ ಪೀಪಾಯಿಗಳ ಹಿಂದೆ ಮಲಗಿಸಿದ್ದಳು. ಸಿಪಾಯಿಗಳಿಗೆ ಅನುಮಾನ ಬಾರದಂತೆ ಅವಳು ಮೇಲೆ ಗಲ್ಲಾದ ಬಳಿ ಇರಲೇಬೇಕಿತ್ತು. ಅವನ ಬಳಿ ಕೂರಲು ಮಗಳನ್ನು ಬಿಟ್ಟರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನರಳಿದ್ರೆ ಅವನ ಬಾಯಿ ಮುಚ್ಚಿ ಹಿಡ್ಕೋ ಕಂದಾ. ನಾನು ಬರೋವರೆಗೂ ಬಿಡ್ಬೇಡ."

ತಲೆಯ ಮೇಲೆ ಬೂಟುಗಳು ಓಡಾಡಿದವು. ಗಾಜು ಒಡೆದ ಸದ್ದು. ಹುಡುಗ ನರಳಿದ. ಬ್ರೀಡಾ ಎರಡೂ ಕೈಯಿಂದ ಅವನ ಬಾಯಿ ಒತ್ತಿ ಹಿಡಿದಳು. ಬಿಸಿಯುಸಿರು ಅಂಗೈಗೆ ತಾಗುತ್ತಿತ್ತು. ಆಮೇಲೆ ತಾಗಲಿಲ್ಲ. ಆದರೂ ಅವಳು ಬಿಡಲಿಲ್ಲ. ತಾಯಿಯೇ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಮುಂದೆಂದೂ ತಾಯಿ ಮಗಳೆದುರು ಆ ಮಾತೆತ್ತಲಿಲ್ಲ. ಉತ್ತರಕ್ಕೆ ಹೆದರಿ ಮಗಳೂ ಕೇಳಲಿಲ್ಲ.

*

ಅಂದು ಡೀಲಿಯಾಳಿಗೆ ಕೈಜೋಡಿಸಿ ಆ ಹುಡುಗನನ್ನು ಹೊತ್ತುಕೊಂಡು ಹೋಗಿ ಹೂತವನು ನೆರೆಮನೆಯ ಮಲಾಕಿ. ಈಗ ಮುದುಕ. ಕೋಲೂರಿಕೊಂಡು ಬ್ರೀಡಾಳ ಪಕ್ಕಕ್ಕೆ ಬಂದ.

"ಅವನ ನೆನಪಾಯ್ತಾ?"

ಬ್ರೀಡಾ ತನ್ನ ಅಂಗೈಗಳನ್ನು ನೋಡಿಕೊಂಡಳು. "ಮಲಾಕಿ ಮಾಮ, ಅವನ ಉಸಿರು ಕಟ್ಟಿಸಿದ್ದು ನಾನೇನಾ?"

ಮುದುಕ ಕೋಲನ್ನು ಗೋಡೆಗೆ ಒರಗಿಸಿದ. "ಗೊತ್ತಿಲ್ಲಮ್ಮ. ಹೊಟ್ಟೆಗೇ ಗುಂಡು ಬಿದ್ದಿತ್ತು, ಹೇಗೂ ಉಳೀತಿರ್ಲಿಲ್ಲ. ನಂಗೊತ್ತಿರೋದು ಅಷ್ಟೇ. ನಿಮ್ಮಮ್ಮನೂ ಇದನ್ನೇ ಕೇಳೋಳು. ಕೂಸಿನ ಕೈಗೆ ಎಂಥ ಕೆಲಸ ಕೊಟ್ಬಿಟ್ಟೆ ಅಂತ ಕೊರಗೋಳು. ಇಲ್ಲಿ ಇಳಿಯೋಕೆ ಅವಳಿಗೆ ಕಾಲು ನಡುಗ್ತಿತ್ತು. ಅದಕ್ಕೇ ಆ ಹಾಡು."

"ಅಮ್ಮಂಗೆ ಭಯಾನಾ?"

"ದಿನಾ."

ಬ್ರೀಡಾ ದೀಪ ತೆಗೆದುಕೊಂಡು ಇಳಿದಳು. ಅವಳಿಗೆ ಹಾಡು ಬರಲಿಲ್ಲ. ಅರ್ಧದಲ್ಲಿ ನಿಂತು ಗೋಡೆ ಹಿಡಿದಳು. ಮೇಲೆ ಬೂಟುಗಳ ಸದ್ದಾಯಿತು. ತಿರುಗಿ ನೋಡಿದಳು.

ಮೇಲಿನ ಮೆಟ್ಟಿಲಲ್ಲಿ ಮಲಾಕಿ ನರಳುತ್ತಾ ಕುಳಿತುಕೊಳ್ಳುತ್ತಿದ್ದ. ಅವನ ಹಿಂದೆ ಟೈಗ್, ಟೈಗನ ಹಿಂದೆ ಉಳಿದವರು, ಅವಳಿಗೆ ಜೊತೆಯಾಗಿ ಬಾಗಿಲ ತುಂಬ ಒತ್ತಾಗಿ ನಿಂತಿದ್ದರು. ಅವರ ಬೂಟುಗಳಿಗೆ ಮೆತ್ತಿದ್ದ ಸ್ಮಶಾನದ ಹಸಿಮಣ್ಣು ಒಂದೊಂದೇ ಹೆಂಟೆಯಾಗಿ ಮೆಟ್ಟಿಲ ಮೇಲೆ ಉದುರುತ್ತಿತ್ತು.