ಒಂದು ಹೆಜ್ಜೆ ಮುಂದೆ

ಹೊರಿಯೆ ಮೇಷ್ಟ್ರು ನಾಟಕವನ್ನು ಓದಿ ಮುಗಿಸಿದಾಗ ಕೊಠಡಿಯಲ್ಲಿದ್ದವರಲ್ಲಿ ಅಳದೆ ಉಳಿದವನು ಇನೊಮಾತಾ ಒಬ್ಬನೇ. ಅವನಿಗೆ ಮೈ ಉರಿಯುತ್ತಿತ್ತು.

ಜಪಾನು ಸೋತು ಹತ್ತು ವರ್ಷವಾಗಿತ್ತು. ಐದು ವರ್ಷ ಸೈಬೀರಿಯಾದಲ್ಲಿ ಮರ ಕಡಿಸಿದ ರಷ್ಯನ್ನರು ಸೆರೆಸಿಕ್ಕ ಈ ಜಪಾನಿ ಸೈನಿಕರನ್ನೆಲ್ಲ ರೈಲಿಗೆ ತುಂಬಿ ಚೀನಿಯರ ಕೈಗೆ ಒಪ್ಪಿಸಿದ್ದರು. ಮಂಚೂರಿಯಾದ ಈ ಸೆರೆಮನೆಯಲ್ಲಿ ಯಾರೂ ಹೊಡೆಯುತ್ತಿರಲಿಲ್ಲ. ಅನ್ನ ಕೊಡುತ್ತಿದ್ದರು, ಕಾಗದ ಕೊಡುತ್ತಿದ್ದರು, ಯುದ್ಧದಲ್ಲಿ ಮಾಡಿದ್ದನ್ನು ಬರೆಯಿರಿ ಎನ್ನುತ್ತಿದ್ದರು. ಬರೆದದ್ದರಲ್ಲಿ ಒಂದನ್ನು ಆರಿಸಿ, ಊರಲ್ಲಿ ಮೇಷ್ಟ್ರಾಗಿದ್ದ ಕೈದಿ ಹೊರಿಯೆ ನಾಟಕ ಬರೆಯುತ್ತಿದ್ದರು, ಕೈದಿಗಳೇ ಆಡುತ್ತಿದ್ದರು. ಅದಕ್ಕೊಂದು ಕಟ್ಟಳೆ: ಯಾರೂ ತನ್ನ ಪಾತ್ರವನ್ನು ತಾನೇ ಆಡುವಂತಿಲ್ಲ.

ಈ ಸಲ ಆರಿಸಿದ್ದು ಇನೊಮಾತಾ ಬರೆದದ್ದನ್ನು. ಹಾಗಾಗಿ ಊರಲ್ಲಿ ಮರದ ಪೀಪಾಯಿ ಕಟ್ಟುತ್ತಿದ್ದ ಈ ಮಾಜಿ ಸಿಪಾಯಿ ಕ್ಯಾಪ್ಟನ್ ಆಗಬೇಕಿತ್ತು. ಅವನ ನಿಜವಾದ ಕ್ಯಾಪ್ಟನ್ ಕುಸಾಕಾಬೆ, ಸಿಪಾಯಿ ಇನೊಮಾತಾ ಆಗಬೇಕಿತ್ತು.

ಅವನು ಬರೆದದ್ದು ಇಷ್ಟೇ. ಚೀನಾದ ಒಂದು ಹಳ್ಳಿಯಲ್ಲಿ ಬೋರೆ ಮರಕ್ಕೆ ಒಬ್ಬ ರೈತನನ್ನು ಕಟ್ಟಿದ್ದರು. ಎಂಟು ಜನ ಹೊಸ ಸಿಪಾಯಿಗಳು ಬಂದೂಕಿನ ತುದಿಗೆ ಬಯನೆಟ್ ಸಿಕ್ಕಿಸಿಕೊಂಡು ಸಾಲಾಗಿ ನಿಂತಿದ್ದರು. ಕ್ಯಾಪ್ಟನ್ ಕೂಗಾಡಲಿಲ್ಲ. ಚಹಾ ಬೇಕೇ ಎಂದು ಕೇಳುವವನಂತೆ, "ಮನಸ್ಸಿಲ್ಲದವರು ಒಂದು ಹೆಜ್ಜೆ ಮುಂದೆ ಬನ್ನಿ, ಏನೂ ಮಾಡಲ್ಲ" ಎಂದ. ಯಾರೂ ಬರಲಿಲ್ಲ. ಇನೊಮಾತಾ ಸಾಲಿನಲ್ಲಿ ಎರಡನೆಯವನು. ಅವನು ಚುಚ್ಚುವಾಗ ರೈತ ಇನ್ನೂ ಬದುಕಿದ್ದ.

ಮೇಷ್ಟ್ರ ನಾಟಕದಲ್ಲಿ ಕ್ಯಾಪ್ಟನ್ ಪಿಸ್ತೂಲು ಎತ್ತಿ, "ಚುಚ್ಚದವನನ್ನು ಇಲ್ಲೇ ಸುಟ್ಟುಬಿಡುತ್ತೇನೆ!" ಎಂದು ಅಬ್ಬರಿಸುತ್ತಿದ್ದ.

"ಪಿಸ್ತೂಲು ಎಲ್ಲಿಂದ ಬಂತು ಮೇಷ್ಟ್ರೇ?"

"ನಾಟಕ ಕಣಯ್ಯಾ ಇದು. ಕ್ಯಾಪ್ಟನ್ ಮೆತ್ತಗೆ ಮಾತಾಡ್ತಾ ನಿಂತ್ರೆ ನೋಡೋರು ಆಕಳಿಸ್ತಾರೆ."

"ಮೆತ್ತಗೇ ತಾನೇ ಮಾತಾಡಿದ್ದು? ನಾನು ಬರೆದ ಸಾಲೆಲ್ಲಿ?"

ಮೇಷ್ಟ್ರು ಹಾಳೆಗಳನ್ನು ಮಡಚಿಟ್ಟರು. "ಆ ಸಾಲಿಟ್ರೆ ಎಂಟು ಜನಾನೂ ಕೊಲೆಗಾರರಾಗ್ತಾರೆ. ವಿಚಾರಣೆ ಹತ್ರ ಬಂತು ಅಂತಿದಾರೆ. ಸ್ವಲ್ಪ ಯೋಚ್ನೆ ಮಾಡು."

"ಆಗಿದೀವಲ್ಲ ಮೇಷ್ಟ್ರೇ. ಆವತ್ತು ಹಗ್ಗ ಬಿಗಿದೋರು ನೀವು. ನಿಮಗೆ ಗೊತ್ತಿಲ್ವಾ?"

"ಬಿಡ್ರೀ, ಪೀಪಾಯಿ ಕಟ್ಟೋನು," ಮೂಲೆಯಿಂದ ನುಕುಯಿ ಎಂದ. "ಸಣ್ಣ ತೂತು ಕಂಡ್ರೂ ಅವನಿಗೆ ಅನ್ನ ಇಳಿಯಲ್ಲ." ಅಳುತ್ತಿದ್ದವರೆಲ್ಲ ನಕ್ಕರು.

ಆಗ ಕುಸಾಕಾಬೆ ಎದ್ದ. "ಇರ್ಲಿ ಬಿಡೋ ಇನೊಮಾತಾ. ಪಿಸ್ತೂಲು ತೋರಿಸ್ದೆ ಅಂತಾನೇ ಇಟ್ಕೊಳ್ಳಿ. ಎಲ್ಲಾ ನನ್ನ ತಲೆ ಮೇಲೇ ಬರ್ಲಿ. ನೀವು ಮನೆಗೆ ಹೋಗಿ."

ಎಲ್ಲರೂ ಸೊಂಟ ಬಗ್ಗಿಸಿ ಅವನಿಗೆ ವಂದಿಸಿದರು. ಹಳೆಯ ಅಭ್ಯಾಸದಿಂದ ಇನೊಮಾತಾನ ಸೊಂಟವೂ ಬಾಗಿತು. ತನ್ನ ಮೈಯೇ ತನ್ನ ಮಾತು ಕೇಳದ್ದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು ಬಂತು. ತನ್ನ ಪಾಪವನ್ನು ದಾನವಾಗಿ ತೆಗೆದುಕೊಳ್ಳಲು ಇವನು ಯಾರು? ಕೊಟ್ಟವರು ಯಾರು? ಕ್ಯಾಪ್ಟನ್‌ಗೆ ದೊಡ್ಡ ಮನಸ್ಸು ಸಿಕ್ಕಿತು, ಸಿಪಾಯಿಗಳಿಗೆ ಶುದ್ಧ ಕೈ ಸಿಕ್ಕಿತು. ಮರಕ್ಕೆ ಕಟ್ಟಿಸಿಕೊಂಡವನಿಗೆ ಏನು ಸಿಕ್ಕಿತು?

ಆಮೇಲೆ ಅನುಮಾನವೂ ಕಾಡಿತು. ತನಗೇ ತಪ್ಪಾಗಿ ನೆನಪಿದ್ದರೆ? 'ಏನೂ ಮಾಡಲ್ಲ' ಎಂದು ಅವನು ನಿಜಕ್ಕೂ ಅಂದಿದ್ದನೇ, ಅಥವಾ ಇಷ್ಟು ವರ್ಷ ತನ್ನನ್ನು ತಾನು ಹಿಂಸಿಸಿಕೊಳ್ಳಲು ಹುಟ್ಟಿಸಿಕೊಂಡ ಮಾತೇ ಅದು? ಸಾಲಿನಲ್ಲಿ ತನ್ನ ಪಕ್ಕ ನಿಂತಿದ್ದ ನುಕುಯಿಯನ್ನು ನೀರಿನ ತೊಟ್ಟಿಯ ಹತ್ತಿರ ಹಿಡಿದ.

"ಆವತ್ತು ಕ್ಯಾಪ್ಟನ್ ಏನಂದ್ರು ಹೇಳು."

"ನೆನಪಿಲ್ಲಪ್ಪಾ."

"ನಾನಿನ್ನೂ ಯಾವತ್ತು ಅಂತ ಹೇಳಿಲ್ಲ."

ನುಕುಯಿ ತೊಳೆದ ಬಟ್ಟಲನ್ನೇ ಮತ್ತೆ ತೊಳೆಯತೊಡಗಿದ. "ಎಲ್ಲರ ಜೊತೆ ನಾನೂ ಮನೆಗೆ ಹೋಗ್ತೀನಿ ಕಣೋ," ಎಂದ ತಲೆಯೆತ್ತದೆ. "ನನ್ನ ಬಿಟ್ಬಿಡು."

ಇನೊಮಾತಾನಿಗೆ ಅಷ್ಟು ಸಾಕಾಯಿತು.

ನಾಟಕ ಮಧ್ಯಾಹ್ನ ಅಂಗಳದಲ್ಲಿ ನಡೆಯಿತು. ಮುಂದೆ ಚೀನೀ ಅಧಿಕಾರಿಗಳು, ದುಭಾಷಿಗಳು. ಹಿಂದೆ ನೂರಾರು ಕೈದಿಗಳು ನೆಲದ ಮೇಲೆ. ಕಂಬಕ್ಕೆ ಬಟ್ಟೆ ಸುತ್ತಿ ಮಾಡಿದ ಮರಕ್ಕೆ ರೈತನ ಪಾತ್ರದವನನ್ನು ಕಟ್ಟಿದ್ದರು. ಎಂಟು ಜನ ಮರದ ಬಯನೆಟ್ ಹಿಡಿದು ನಿಂತರು. ಎರಡನೆಯವನು ಕುಸಾಕಾಬೆ. ಆಗಲೇ ಅವನ ಕಣ್ಣಲ್ಲಿ ನೀರಿತ್ತು, ಚೆನ್ನಾಗಿ ಅಳುತ್ತಿದ್ದ.

ಪಿಸ್ತೂಲು ಎತ್ತುವ ಹೊತ್ತು ಬಂತು. ಇನೊಮಾತಾ ಅದನ್ನು ಸೊಂಟದಿಂದ ತೆಗೆಯಲೇ ಇಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ಮೆತ್ತಗೆ ಹೇಳಿದ:

"ಮನಸ್ಸಿಲ್ಲದವರು ಒಂದು ಹೆಜ್ಜೆ ಮುಂದೆ ಬನ್ನಿ. ಏನೂ ಮಾಡಲ್ಲ."

ಪರದೆಯ ಸಂದಿಯಿಂದ ಮೇಷ್ಟ್ರು ಪಿಸುಗುಟ್ಟಿದರು. "ಪಿಸ್ತೂಲು! ಪಿಸ್ತೂಲು ಕಣೋ, ಹಾಳಾದವನೇ!"

ಇನೊಮಾತಾ ಕಾದ. ಎಂಟು ಜನರೂ ಕಲ್ಲಾಗಿದ್ದರು.

ಆಗ ಕುಸಾಕಾಬೆ ಬಯನೆಟ್ ಕೆಳಗಿಳಿಸಿ, ಅಳುತ್ತ, ಒಂದು ಹೆಜ್ಜೆ ಮುಂದೆ ಬಂದ.

ಹಿಂದೆ ಕುಳಿತಿದ್ದ ಕೈದಿಗಳ ಬಾಯಿಂದ ನಿಟ್ಟುಸಿರು ಹೊರಟಿತು. ಯಾರೋ ಚಪ್ಪಾಳೆ ತಟ್ಟಿದರು. ಇನೊಮಾತಾನ ಮೈ ಮತ್ತೆ ಉರಿಯಿತು. ಇದನ್ನೂ ಕದ್ದನಲ್ಲ ಈ ಮನುಷ್ಯ! ತಾನು ಸಾಯುವತನಕ ಬಯಸಿ ಬಯಸಿ ಎಂದೂ ಇಡಲಾಗದ ಆ ಒಂದು ಹೆಜ್ಜೆಯನ್ನು, ಇಷ್ಟು ಜನರೆದುರು, ತನ್ನ ಹೆಸರಿನಲ್ಲಿ ಇಟ್ಟುಬಿಟ್ಟನಲ್ಲ!

"ಹಿಂದಕ್ಕೆ!"

ಕುಸಾಕಾಬೆ ತಬ್ಬಿಬ್ಬಾಗಿ ನೋಡಿದ.

"ಹಿಂದಕ್ಕೆ ಹೋಗು ಅಂದೆ! ನೀನೀಗ ಸಿಪಾಯಿ ಇನೊಮಾತಾ. ಅವನು ಬರಲಿಲ್ಲ. ಯಾರೂ ತಡೀಲಿಲ್ಲ, ಆದ್ರೂ ಬರಲಿಲ್ಲ. ಹೋಗು!"

ಮುಂದಿನ ಸಾಲಿನಲ್ಲಿ ದುಭಾಷಿ ಮೆಲ್ಲಗೆ ಅದನ್ನು ಚೀನೀ ಭಾಷೆಗೆ ತಿರುಗಿಸುತ್ತಿದ್ದುದು ಕೇಳಿಸಿತು. ಆವತ್ತು ಅಲ್ಲಿದ್ದವರಲ್ಲಿ ಯಾರೂ ಅದು ಸುಳ್ಳೆನ್ನಲಿಲ್ಲ.

ಕುಸಾಕಾಬೆಯ ಅಳು ನಿಂತಿತು. ಅವನು ಹಿಂದೆ ಸರಿದು ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತ. ಇನೊಮಾತಾ ಆ ಜಾಗವನ್ನು, ಅಲ್ಲಿ ನಿಂತ ತನ್ನನ್ನು, ದಿಟ್ಟಿಸಿದ.

"ಒಂದನೆಯವನು," ಎಂದ.

ಒಂದನೆಯವನು ಬಯನೆಟ್ ಚಾಚಿ ಮರದತ್ತ ಓಡಿದ.

"ಎರಡನೆಯವನು."